ಎಡಬದಿಯ ತುಕ್ಕು

ಆ ಕಾರನ್ನು ನಾನು ಎರಡು ಸಲ ರಿಪೇರಿ ಮಾಡಿದ್ದೇನೆ. ಮೊದಲ ಸಲ ನೋಡಿದವರೆಲ್ಲ ಹೊಗಳಿದರು. ಎರಡನೆಯ ಸಲದ ವಿಷಯವನ್ನು ಇಷ್ಟರವರೆಗೆ ಯಾರ ಬಳಿಯೂ ಪೂರ್ತಿಯಾಗಿ ಹೇಳಿಲ್ಲ.

ಬಂದರಿನ ಗೋದಾಮುಗಳ ಹಿಂದಿನ ಓಣಿಯಲ್ಲಿ ನನ್ನ ಶೆಡ್ಡು. ಟಿಂಕರಿಂಗ್ ಕೆಲಸ. ಗುದ್ದಿಸಿಕೊಂಡು ಬಂದ ಕಾರಿನ ತಗಡನ್ನು ಬಡಿದು ನೇರ ಮಾಡುವುದು, ತುಕ್ಕು ತಿಂದ ಕಡೆ ಕತ್ತರಿಸಿ ಹೊಸ ತಗಡು ಬೆಸೆಯುವುದು. ಒಣಮೀನಿನ ವಾಸನೆಯಲ್ಲಿ ಮೂವತ್ತು ವರ್ಷ ಸುತ್ತಿಗೆ ಬಡಿದಿದ್ದೇನೆ. ಹಳೆಯ ಕಾರುಗಳಿಗೆ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ, ಅದರ ಅಹಂಕಾರವೂ ನನಗಿತ್ತು. ಬರುವವರ ಮೇಲೆ ಸಿಟ್ಟೂ ಇತ್ತು. ಹತ್ತರಲ್ಲಿ ಒಂಬತ್ತು ಜನರಿಗೆ ಬೇಕಾದದ್ದು ಹೊಳಪು. ತಗಡು ಹೇಗಿದೆ ಎಂದು ಬಗ್ಗಿ ನೋಡುವವರಿಲ್ಲ, ಬಾನೆಟ್ಟಿನಲ್ಲಿ ತಮ್ಮ ಮುಖ ಕಂಡರೆ ಸಾಕು. ಮೇಲೆ ಥಳಕು ಒಳಗೆ ಹುಳುಕು ಎಂದು ಅವರನ್ನು ಆಡಿಕೊಂಡು ನಗುತ್ತಿದ್ದೆ. ಆ ಥಳಕನ್ನು ಮಾಡಿಕೊಡುವವನು ನಾನೇ ಎಂಬುದು ನಗುವಾಗ ನೆನಪಾಗುತ್ತಿರಲಿಲ್ಲ.

ಕಾರು ನನ್ನ ಹೈಸ್ಕೂಲಿನ ಗಣಿತದ ಮೇಷ್ಟರದ್ದು. ಸ್ಟೇರಿಂಗಿನ ಪಕ್ಕದಲ್ಲೇ ಗೇರು ಇರುತ್ತಿದ್ದ ಕಾಲದ ಪುಟ್ಟ ಕಾರು, ಗುಂಡನೆಯ ಎರಡು ದೀಪ, ಹಾಲಿನ ಕೆನೆಯ ಬಣ್ಣ. ಅವರ ತಂದೆ ಕೊಂಡದ್ದಂತೆ. ನಾನು ಗಣಿತದಲ್ಲಿ ಫೇಲಾದಾಗ ನನ್ನಪ್ಪನನ್ನು ಕರೆಸಿ, "ಇವನ ತಲೆಗೆ ಲೆಕ್ಕ ಹತ್ತುದಿಲ್ಲ, ಆದ್ರೆ ಕೈ ಒಳ್ಳೆದುಂಟು. ಕೈಕೆಲಸಕ್ಕೆ ಹಾಕಿ" ಎಂದವರು ಅವರೇ. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಶಾಲೆಯಲ್ಲಿ ಕನ್ನಡದಲ್ಲಿ ಬೈಸಿಕೊಂಡು ಅಭ್ಯಾಸವಾಗಿ ಈಗಲೂ ನಮ್ಮಿಬ್ಬರ ಮಾತು ಕನ್ನಡದಲ್ಲೇ. ನಿವೃತ್ತಿಯ ನಂತರ ಸರ್ ಸುರತ್ಕಲ್ಲಿನಲ್ಲಿ, ಕಡಲಿಗೆ ಕೂಗಳತೆಯಲ್ಲಿ ಮನೆ ಮಾಡಿದರು. ಉಪ್ಪುಗಾಳಿಗೆ ಕಬ್ಬಿಣವೆಂದರೆ ಹಪ್ಪಳ. ಮನೆಯ ಗೇಟು, ಕಿಟಕಿಯ ಸರಳು, ಕಾರು, ಮೂರನ್ನೂ ಅದು ಮೆಲ್ಲಗೆ ತಿನ್ನುತ್ತಿತ್ತು.

ಮೊದಲ ಸಲ ಕಾರು ಬಂದದ್ದು ಅವರ ಮಗಳ ಮದುವೆಗೆ. ಸರ್ ಮತ್ತು ಬಾಯಮ್ಮ ಮದುವೆಯಾಗಿ ಚರ್ಚಿನಿಂದ ಮನೆಗೆ ಬಂದದ್ದು ಅದೇ ಕಾರಿನಲ್ಲಿ. ಕ್ರಿಶ್ಚಿಯನ್ ಹೆಂಗಸರನ್ನು ನಾವು ತುಳುವರು ಬಾಯಮ್ಮ ಎನ್ನುತ್ತೇವೆ, ಸರ್ ಅವರ ಹೆಂಡತಿಯನ್ನೂ ನಾನು ಹಾಗೆಯೇ ಕರೆಯುತ್ತಿದ್ದೆ. ಮಗಳೂ ಅದೇ ಕಾರಿನಲ್ಲಿ ಚರ್ಚಿಗೆ ಹೋಗಬೇಕೆಂಬುದು ಬಾಯಮ್ಮನ ಆಸೆ. ಮದುವೆಗೆ ಇದ್ದದ್ದು ಹನ್ನೆರಡು ದಿನ. ಮುಂದಕ್ಕೆ ಹಾಕುವ ಹಾಗಿಲ್ಲ. ವಿಭೂತಿ ಬುಧವಾರ ಬಂತೆಂದರೆ ಅವರಲ್ಲಿ ಈಸ್ಟರಿನವರೆಗೆ ನಲವತ್ತು ದಿನ ತಪಸ್ಸಿನ ಕಾಲ, ಮದುವೆ ಮುಂಜಿ ಏನೂ ನಡೆಯುವುದಿಲ್ಲ. ಆ ಬುಧವಾರದ ಹಿಂದಿನ ವಾರಗಳಲ್ಲಿ ಮಂಗಳೂರಿನ ಕ್ರಿಶ್ಚಿಯನ್ ಮದುವೆಗಳೆಲ್ಲ ಒಟ್ಟಿಗೆ ಬೀಳುತ್ತವೆ, ನಮ್ಮ ಶೆಡ್ಡಿಗೂ ಒಂದೇ ಸಮನೆ ಗಡಿಬಿಡಿ.

ಎಡಬದಿಯ ಬಾಗಿಲು ತೆಗೆದು ಅದರ ಕೆಳಗಿನ ಪಟ್ಟಿಗೆ ಸುತ್ತಿಗೆಯ ಹಿಡಿಯಿಂದ ಮೆಲ್ಲ ಕುಟ್ಟಿದೆ. ಹಿಡಿ ಒಳಗೆ ಹೋಯಿತು. ಬಾಗಿಲ ಕೆಳಗೆ ಉದ್ದಕ್ಕೂ ಪೆಟ್ಟಿಗೆಯ ಹಾಗಿರುವ ಆ ಭಾಗವನ್ನು ನಾವು ರನ್ನಿಂಗ್ ಬೋರ್ಡ್ ಎನ್ನುತ್ತೇವೆ. ಇಂಥ ಕಾರುಗಳಲ್ಲಿ ಬೆನ್ನೆಲುಬು ಅದೇ. ನೆಲದ ತಗಡು ಅದಕ್ಕೆ ಬೆಸೆದಿರುತ್ತದೆ, ಸೀಟಿನ ಬೋಲ್ಟುಗಳು ಆ ನೆಲದ ಮೇಲೆ ಕೂತಿರುತ್ತವೆ. ಎರಡೂ ಒಳಗಿನಿಂದ ಸವೆದು ಹೋಗಿದ್ದವು. ಸರಿಯಾದ ಕೆಲಸವೆಂದರೆ ಸೀಟು, ಕಾರ್ಪೆಟ್ಟು, ಬಾಗಿಲು ಎಲ್ಲ ಬಿಚ್ಚಿ, ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡು ಮಡಚಿ ವೆಲ್ಡಿಂಗ್ ಮಾಡಬೇಕು. ತಿಂಗಳು ಬೇಕು. ಸೀಟಿಗೆ ಆಗಷ್ಟೇ ಹೊಸ ಬಟ್ಟೆ ಹೊಲಿಸಿ ತಂದಿದ್ದರು, ಬೆಂಕಿಯ ಕಿಡಿ ಹಾರಿದರೆ ಅದೂ ಹೋಯಿತು.

ನಾನು ಮಾಡಿದ್ದು ಇಷ್ಟು. ಪೊಳ್ಳಾದ ಜಾಗಕ್ಕೆ ಹಳೆಯ ಪೇಪರನ್ನು ಮುದ್ದೆ ಮಾಡಿ ತುರುಕಿದೆ. ಅದರ ಮೇಲೆ ಕಿಟಕಿಗೆ ಹೊಡೆಯುವ ಸೊಳ್ಳೆಬಲೆ ಇಟ್ಟು, ಫೈಬರ್ ಅಂಟಿಸಿ, ಪುಟ್ಟಿ ಮೆತ್ತಿ ಉಜ್ಜಿದೆ. ಅಡಿಗೆ ಕಪ್ಪು ಪೈಂಟ್ ಹೊಡೆದೆ. ಮೇಲಿನ ಬಣ್ಣ ಹಚ್ಚಿದ್ದು ನನ್ನೊಂದಿಗೆ ಇಪ್ಪತ್ತು ವರ್ಷದಿಂದ ಇರುವ ಪೈಂಟರ್ ಕಾಕ. ಬ್ಯಾರಿ ಮುಸಲ್ಮಾನ, ನನಗಿಂತ ಹಿರಿಯ, ಅವನ ಕೈಯ ಹೊಳಪಿಗೆ ಊರಲ್ಲಿ ಸಾಟಿ ಇಲ್ಲ. ಹನ್ನೊಂದನೆಯ ದಿನ ಕಾರು ಕನ್ನಡಿ. ಎಲ್ಲ ಶೆಡ್ಡುಗಳಲ್ಲೂ ಹೀಗೆ ಮಾಡುತ್ತಾರೆ ಎಂದು ಈಗ ಬರೆದರೆ ಅದು ಸುಳ್ಳಲ್ಲ, ಆದರೆ ಎಲ್ಲ ಶೆಡ್ಡುಗಳ ಮಾತು ನನಗೆ ಯಾಕೆ? ಮಾಡಿದವನು ನಾನು.

ಕೀ ಕೊಡುವಾಗ ಸರ್ ಹತ್ತಿರ ಹೇಳಿದೆ, "ಸರ್, ಈಸ್ಟರ್ ಕಳೆದ ಮೇಲೆ ಒಮ್ಮೆ ಗಾಡಿ ತನ್ನಿ. ಎಡಗಡೆ ಅಡಿಯಲ್ಲಿ ಸ್ವಲ್ಪ ಕೆಲಸ ಉಂಟು."

"ಸ್ವಲ್ಪ ಅಲ್ವಾ? ತರುವ ಮಾರಾಯ" ಎಂದರು.

ಸ್ವಲ್ಪ ಎಂದೆ. ನಮ್ಮ ಕಡೆಯ ಮರ್ಯಾದೆಯೇ ಹೀಗೆ. ಕಲಿಸಿದ ಮೇಷ್ಟರು, ನಾಳೆ ಮಗಳ ಮದುವೆ, ನಿಮ್ಮ ಕಾರಿನ ಎಡಬದಿಯಲ್ಲಿ ಕಬ್ಬಿಣವೇ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವುದು ಹೇಗೆ? ಮದುವೆಗೆ ಹೋದೆ. ಬಾಯಮ್ಮ ತಾನೇ ಬಂದು ಬಡಿಸಿದರು. ಕಾರಿನ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ ಫೋಟೋ ತೆಗೆಸಿದರು. ಈಸ್ಟರ್ ಕಳೆಯಿತು, ಮಳೆಗಾಲ ಬಂತು, ಮತ್ತೊಂದು ಈಸ್ಟರ್ ಕಳೆಯಿತು. ಅವರು ತರಲಿಲ್ಲ. ನಾನು ಫೋನು ಮಾಡಲಿಲ್ಲ. ಹೊಗಳಿಸಿಕೊಂಡ ಕೆಲಸವನ್ನು ಒಡೆದು ತೋರಿಸಲು ಯಾರಿಗೆ ಮನಸ್ಸಾಗುತ್ತದೆ? ಇದು ನೆಪವಲ್ಲ, ಇದ್ದದ್ದು ಇದ್ದ ಹಾಗೆ.

ಎರಡನೆಯ ಮಳೆಗಾಲದಲ್ಲಿ ಅವರ ಮಗ ರಜೆಯಲ್ಲಿ ಗಲ್ಫಿನಿಂದ ಬಂದಿದ್ದ. ಬಾಯಮ್ಮ ಪ್ರತಿ ಗುರುವಾರ ಬಸ್ಸಿನಲ್ಲಿ ಬಿಕರ್ನಕಟ್ಟೆಯ ಬಾಲಯೇಸುವಿನ ಕ್ಷೇತ್ರಕ್ಕೆ ಹೋಗುವವರು. ಆ ಗುರುವಾರ ಮಗ ಕಾರಿನಲ್ಲಿ ಕರೆದುಕೊಂಡು ಹೋದ. ಪ್ರಾರ್ಥನೆ ಮುಗಿಸಿ ಹೊರಟು ಮುಖ್ಯರಸ್ತೆಗೆ ಬಂದಾಗ ಎಡಗಡೆಯ ಅಡ್ಡರಸ್ತೆಯಿಂದ ಒಂದು ಸಾಮಾನಿನ ಟೆಂಪೋ ಜಾರಿಕೊಂಡು ಬಂದು ಕಾರಿನ ಪಕ್ಕೆಗೆ ತಾಗಿತು. ಮಗನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಎಡಗಡೆ ಕೂತಿದ್ದ ಬಾಯಮ್ಮನ ಸೀಟು ನೆಲದ ಸಮೇತ ಕಿತ್ತು ಬಂದು ಅವರ ತಲೆ ಕಾರಿನ ಬಾಗಿಲ ಪಕ್ಕದ ಕಂಬಕ್ಕೆ ಹೊಡೆಯಿತು. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಕಾರು ಹಾರಿಕೊಂಡು ಬಂತು ಎಂದು ಟೆಂಪೋದವನು ಹೇಳಿದನಂತೆ. ಅವನ ಮಾತನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ, ಆದರೆ ಕಾರನ್ನು ನೋಡಿದವರೆಲ್ಲ ಅದನ್ನೇ ಹೇಳತೊಡಗಿದರು. ಇಷ್ಟು ಸಣ್ಣ ಟೆಂಪೋ ತಾಗಿದ್ದಕ್ಕೆ ಕಾರು ಹೀಗೆ ಮುದ್ದೆಯಾಗಬೇಕಾದರೆ ಹುಡುಗ ಎಷ್ಟು ಜೋರು ಬಿಟ್ಟಿರಬೇಡ? ಮಣ್ಣಿನ ದಿನ ಸಿಮೆಟ್ರಿಯಲ್ಲಿ ಛತ್ರಿಗಳ ಕೆಳಗೆ ಆ ಪಿಸುಮಾತನ್ನು ನಾನೂ ಕೇಳಿದೆ. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಹೆಗಲು ನಾನೇ ಮುಟ್ಟಿ ನೋಡಿಕೊಂಡೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಮಗ ಒಬ್ಬನೇ ಗೋಡೆಯ ಹತ್ತಿರ ನೆನೆಯುತ್ತ ನಿಂತಿದ್ದ.

ಎರಡು ವಾರದ ಮೇಲೆ ಪೊಲೀಸರು ಕಾರು ಬಿಟ್ಟುಕೊಟ್ಟರು. ಸರ್ ಅದನ್ನು ಎಳೆಸಿಕೊಂಡು ನೇರ ನನ್ನ ಶೆಡ್ಡಿಗೆ ತಂದರು. ಗುಜರಿಗೆ ಹಾಕಿ ಸರ್ ಎಂದೆ. ಅದು ನನ್ನ ಆಸೆಯೇ ಆಗಿತ್ತು.

"ಬೇಡ. ಮೊದಲಿನ ಹಾಗೆ ಮಾಡು. ನವೆಂಬರಿನಲ್ಲಿ ಸತ್ತವರ ದಿನಕ್ಕೆ ಸಮಾಧಿಗೆ ನಾನು ಇದ್ರಲ್ಲೇ ಹೋಗ್ಬೇಕು" ಎಂದರು. ಆಮೇಲೆ ಮಡಚಿಕೊಂಡ ಎಡಬದಿಯ ಮೇಲೆ ಕೈಯಿಟ್ಟು ಕೇಳಿದರು, "ನಿನಗೆ ತಗಡು ಗೊತ್ತುಂಟು. ನೀನು ಹೇಳು. ಹೀಗೆ ಆಗ್ಬೇಕಾದ್ರೆ ಅವನು ಎಷ್ಟು ಸ್ಪೀಡಿನಲ್ಲಿ ಹೋಗಿರ್ಬಹುದು?"

ಅವರ ಬೆರಳಿನ ಹತ್ತಿರವೇ ಪುಟ್ಟಿ ಬಿರುಕು ಬಿಟ್ಟಿತ್ತು. ಬಿರುಕಿನ ಒಳಗೆ ಸೊಳ್ಳೆಬಲೆಯ ಒಂದು ತಂತಿ ಕಾಣುತ್ತಿತ್ತು. ನನಗೆ ಕಂಡಿತು, ಅವರಿಗೆ ಕಾಣಲಿಲ್ಲ.

"ಸರಿಯಾಗಿ ಹೇಳ್ಲಿಕ್ಕೆ ಆಗುದಿಲ್ಲ ಸರ್. ಸ್ವಲ್ಪ ಜೋರೇ ಇದ್ದಿರ್ಬೇಕು" ಎಂದೆ.

ಸರ್ ತಲೆಯಾಡಿಸಿದರು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

ಮಗ ನನ್ನ ಹತ್ತಿರ ಬಂದದ್ದು ಒಂದೇ ಸಲ, ಗಲ್ಫಿಗೆ ಹಿಂತಿರುಗುವ ಹಿಂದಿನ ವಾರ. ಕಾರಿನ ಸುತ್ತ ಒಂದು ಸುತ್ತು ಬಂದು, ಕಿತ್ತ ಸೀಟಿನ ಹತ್ತಿರ ನಿಂತು ಹೇಳಿದ, "ಅಣ್ಣ, ನಾನು ಮೂವತ್ತರ ಸ್ಪೀಡಿನಲ್ಲೂ ಇರ್ಲಿಲ್ಲ. ಅಮ್ಮ ಜಪಸರ ಹಿಡ್ಕೊಂಡಿದ್ರು, ಹೊಂಡದಲ್ಲಿ ಕುಲುಕಿದ್ರೆ ಲೆಕ್ಕ ತಪ್ತದೆ ಅಂತ ಹೇಳಿದ್ರು. ಹಾಗೆ ಮೆಲ್ಲವೇ ಹೋಗ್ತಿದ್ದೆ. ಪಪ್ಪನಿಗೆ ಯಾರಾದ್ರೂ ಹೇಳ್ಬೇಕು. ನಾನು ಹೇಳಿದ್ರೆ ಅವರು ಎದ್ದು ಹೋಗ್ತಾರೆ."

ನಾನು ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತೆ. ಕೈ ಆಗಲೇ ಶುಚಿಯಾಗಿತ್ತು. ಅವನು ಸ್ವಲ್ಪ ಹೊತ್ತು ಕಾದು ಹೋದ. ಅವನ ವಿಮಾನದ ದಿನ ಸರ್ ನನ್ನ ಶೆಡ್ಡಿನಲ್ಲೇ ಕೂತಿದ್ದರು, ಏರ್‌ಪೋರ್ಟಿಗೆ ಹೋಗಲಿಲ್ಲ.

ಆಮೇಲೆ ಸರ್ ದಿನಾ ಬರತೊಡಗಿದರು. ಹತ್ತು ಗಂಟೆಯ ಬಸ್ಸಿಗೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮಧ್ಯಾಹ್ನದ ಬಸ್ಸಿಗೆ ಹೋಗುವರು. ಅವರು ಇರುವಾಗ ನಾನು ಬಲಬದಿಯ ಕೆಲಸ ಮಾಡುತ್ತಿದ್ದೆ, ಬಾಗಿಲು ಬಡಿಯುತ್ತಿದ್ದೆ. ಎಡಬದಿಯನ್ನು ಮುಟ್ಟುತ್ತಿದ್ದದ್ದು ಅವರು ಹೋದ ಮೇಲೆ. ಗ್ರೈಂಡರ್ ಹಿಡಿದು ಮೊದಲ ತುಂಡು ಕತ್ತರಿಸಿದಾಗ ಒಳಗಿನ ಪೇಪರು ಹಾಗೇ ಇತ್ತು, ಸ್ವಲ್ಪ ಒದ್ದೆ. ಕಬ್ಬಿಣ ಎಂಬುದು ಎಲ್ಲೂ ಇರಲಿಲ್ಲ, ಕೈಯಲ್ಲಿ ಹಿಡಿದರೆ ಕೆಂಪು ಹುಡಿ. ಅಲ್ಲಿ ಒಳ್ಳೆಯ ತಗಡು ಇದ್ದಿದ್ದರೆ ಬಾಗಿಲು ತಗ್ಗಾಗುತ್ತಿತ್ತು, ಗಾಜು ಒಡೆಯುತ್ತಿತ್ತು, ಬಾಯಮ್ಮ ಬೈದುಕೊಂಡು ಇಳಿಯುತ್ತಿದ್ದರು. ಅದನ್ನು ತಿಳಿಯಲು ದೊಡ್ಡ ಇಂಜಿನಿಯರ್ ಬೇಕಾಗಿಲ್ಲ.

ಇಲ್ಲೊಂದು ಮಾತು ಹೇಳಬೇಕು. ನಾನು ಆ ಕಾರನ್ನು ಸರಿ ಮಾಡಿದಷ್ಟೂ ಆ ಹುಡುಗನ ಪರವಾಗಿದ್ದ ಸಾಕ್ಷಿ ಅಳಿಯುತ್ತಿತ್ತು. ಕತ್ತರಿಸಿದ ತುಂಡುಗಳು ಗುಜರಿಯವನ ಗಾಡಿಗೆ ಹೋದರೆ ಮುಗಿಯಿತು, ಹೊಸ ತಗಡಿನ ಮೇಲೆ ಕಾಕನ ಬಣ್ಣ ಬಿದ್ದರೆ ಇನ್ನು ಯಾರೂ ಏನೂ ಹೇಳುವ ಹಾಗಿಲ್ಲ. ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ನಾನು ವೆಲ್ಡಿಂಗ್ ಮಾಡಿರಲಿಲ್ಲ. ಒಂದೊಂದು ಅಂಗುಲವನ್ನೂ ಉಜ್ಜಿ, ನೋಡಿ, ಮತ್ತೆ ಬೆಸೆದೆ. ಒಂದೂವರೆ ವರ್ಷ ಮೊದಲು ಮಾಡಬೇಕಾದದ್ದನ್ನು ಸತ್ತವರಿಗಾಗಿ ಮಾಡುತ್ತಿದ್ದೆ. ಪ್ರಾಯಶ್ಚಿತ್ತ ಎಂದುಕೊಳ್ಳುತ್ತಿದ್ದೆ, ನನ್ನ ಮೇಲೇ ಅಸಹ್ಯವಾಗುತ್ತಿತ್ತು.

ರನ್ನಿಂಗ್ ಬೋರ್ಡಿನ ಒಂದು ತುಂಡನ್ನು ಮಾತ್ರ, ಪೇಪರು, ಬಲೆ, ಪುಟ್ಟಿ ಸಮೇತ, ಗೋಣಿಯಲ್ಲಿ ಸುತ್ತಿ ಶೆಡ್ಡಿನ ಮೂಲೆಯಲ್ಲಿ ಇಟ್ಟೆ. ಶನಿವಾರ ಗುಜರಿಯವನು ಬಂದಾಗ ಅದನ್ನು ಕೊಡಲಿಲ್ಲ. ಮರು ಶನಿವಾರವೂ ಕೊಡಲಿಲ್ಲ. ಕಾಕ ಅದನ್ನು ಗಮನಿಸಿದ್ದ.

"ಇದನ್ನು ಇಟ್ಕೊಂಡು ಎಂತ ಮಾಡ್ತಿ ಮಾರಾಯ?" ಎಂದು ಕೇಳಿದ. "ಸತ್ತವರು ಬರ್ತಾರಾ? ನೀನು ಹೇಳಿದ್ರೆ ನಿನ್ನ ಶೆಡ್ಡು ಹೋಗ್ತದೆ, ಕೇಸಾಗ್ತದೆ. ಆ ಹುಡುಗನಿಗೆ ಕೆಲಸ ಉಂಟು, ಊರು ಬಿಟ್ಟು ಹೋಗಿದ್ದಾನೆ. ಕಾಲ ಹೋದ ಹಾಗೆ ಅಪ್ಪ ಮಗ ಸರಿ ಆಗ್ತಾರೆ."

"ಆಗದಿದ್ರೆ?" ಎಂದೆ.

ಕಾಕ ಬಣ್ಣ ಕಲಸಲು ಕೂತ. ನಾನು ಅವನ ಮಾತನ್ನೇ ಹಿಡಿದುಕೊಂಡು ಮತ್ತೆ ಮೂರು ವಾರ ನೂಕಿದೆ. ಸರ್ ಕುರ್ಚಿಯಲ್ಲಿ ಕೂತಿರುವಾಗ ಕೆಲವೊಮ್ಮೆ ಅವರ ಫೋನು ಹೊಡೆದುಕೊಳ್ಳುತ್ತಿತ್ತು. ತೆಗೆದು ನೋಡಿ, ಹೊಡೆದು ಮುಗಿಯುವವರೆಗೆ ಕಾದು, ಕಿಸೆಗೆ ಹಾಕುವರು. ಯಾರು ಎಂದು ನಾನು ಕೇಳಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಬಣ್ಣದ ಕೆಲಸವಷ್ಟೇ ಉಳಿದಿತ್ತು. ಒಂದು ದಿನ ಸರ್ ಚೀಲದಿಂದ ಒಂದು ಹಾಳೆ ತೆಗೆದರು. ಬಾಯಮ್ಮನ ಸಮಾಧಿಯ ಕಲ್ಲಿನಲ್ಲಿ ಕೆತ್ತಿಸುವ ಬರಹ, ಸತ್ತವರ ದಿನಕ್ಕೆ ಕಲ್ಲು ಕೂರಿಸಬೇಕಿತ್ತು. ನಂಬರ್ ಪ್ಲೇಟಿಗೆ ಅಕ್ಷರ ಬರೆಯುವವನು ನಾನೇ ಆದ್ದರಿಂದ ನನಗೆ ತೋರಿಸಿದರು.

"ಸಾಲು ಸರಿಯಾಗಿ ಕೂರ್ತದಾ ನೋಡು" ಎಂದರು.

ಮೇಲೆ ಬಾಯಮ್ಮನ ಹೆಸರು, ಹುಟ್ಟಿದ್ದು, ತೀರಿಕೊಂಡದ್ದು. ಕೆಳಗೆ ಅವರನ್ನು ನೆನೆಯುವವರ ಹೆಸರುಗಳು. ಗಂಡ, ಮಗಳು, ಅಳಿಯ, ಮೊಮ್ಮಗಳು. ನಾನು ಸಾಲುಗಳ ಅಳತೆ ನೋಡುತ್ತಿದ್ದವನು ಪೆದ್ದನ ಹಾಗೆ ಹೇಳಿದೆ, "ಸರ್, ಒಂದು ಹೆಸರು ಬಿಟ್ಟುಹೋಗಿದೆ."

"ಬಿಟ್ಟುಹೋದದ್ದಲ್ಲ" ಎಂದರು.

ಕಲ್ಲಿನಲ್ಲಿ ಕೆತ್ತಿದ ಮೇಲೆ ಪುಟ್ಟಿ ಹಾಕಿ ಮುಚ್ಚಲು ಆಗುವುದಿಲ್ಲ. ಮೂಲೆಗೆ ಹೋಗಿ ಗೋಣಿ ತಂದೆ. ಬಿಚ್ಚಿ, ತುಂಡನ್ನು ಅವರ ಮುಂದಿನ ಸ್ಟೂಲಿನ ಮೇಲೆ ಇಟ್ಟೆ. ಕಾಕ ಸ್ಪ್ರೇ ಗನ್ನು ಕೆಳಗಿಟ್ಟು ಹೊರಗೆ ಹೋದ. ನಾನು ಎಲ್ಲ ಹೇಳಿದೆ. ಏನು ತುರುಕಿದೆ, ಯಾಕೆ ತುರುಕಿದೆ, ಟೆಂಪೋ ತಾಗಿದಾಗ ಏನಾಗಿರಬೇಕು. ನಡುವೆ ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಎಂದು ಹೆದರಿ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

ಸರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಹೆಬ್ಬೆರಳಿನಿಂದ ತುಕ್ಕನ್ನು ಒತ್ತಿದರು. ಅದು ಹುಡಿಯಾಗಿ ಅವರ ಬಿಳಿ ಪ್ಯಾಂಟಿನ ಮೇಲೆ ಬಿತ್ತು. ಪೇಪರಿನ ಮುದ್ದೆಯನ್ನು ಎಳೆದು ಬಿಡಿಸಿ, ಮಗಳ ಮದುವೆಯ ವಾರದ್ದು ಎಂದು ಗೊತ್ತಾಗುವಷ್ಟು ಹೊತ್ತು ನೋಡಿದರು.

"ಅವಸರ ನನ್ನದು. ಅದಕ್ಕೆ ನಿನಗೆ ನಾನು ಎಂತ ಹೇಳ್ಲಿ" ಎಂದರು. ದನಿ ಏರಲಿಲ್ಲ, ಶಾಲೆಯಲ್ಲೂ ಅವರದು ಏರುತ್ತಿರಲಿಲ್ಲ. "ಆದ್ರೆ ನಾನು ನಿನ್ನ ಹತ್ರ ಕೇಳಿದೆ. ಎಷ್ಟು ಸ್ಪೀಡು ಅಂತ ಕೇಳಿದೆ. ನೀನು ಎಂತ ಹೇಳಿದೆ?"

ಹೊಡೆಯಬಾರದೇ ಇವರು ಎನಿಸಿತು. ಅವರು ಫೋನು ತೆಗೆದು, ಮಗನ ನಂಬರ್ ಒತ್ತಿ, ಸ್ಪೀಕರ್ ಹಾಕಿ ನನ್ನ ಕೈಗೆ ಕೊಟ್ಟರು.

"ಅವನಿಗೆ ಹೇಳು. ನನಗೆ ಹೇಳಿದ ಹಾಗೇ ಹೇಳು. ನನಗೆ ಅವನ ಹತ್ರ ಮಾತಾಡ್ಲಿಕ್ಕೆ ಈಗ ಬಾಯಿಲ್ಲ."

ಎರಡು ಸಲ ಹೊಡೆದುಕೊಳ್ಳುವ ಮೊದಲೇ ಆ ಕಡೆ ಎತ್ತಿದರು. "ಪಪ್ಪಾ?" ಎಂದಿತು ದನಿ. ಮೂರು ತಿಂಗಳಲ್ಲಿ ಅಪ್ಪನಿಂದ ಬಂದ ಮೊದಲ ಫೋನು. ಪಪ್ಪ ಅಲ್ಲ, ನಾನು ಎಂದು ಹೇಳಿ, ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಈ ಸಲ ಅಷ್ಟು ಬೇಗ ಆಗಲಿಲ್ಲ. ಅವನ ಹಿಂದೆ ಯಾವುದೋ ಯಂತ್ರ ಓಡುವ ಸದ್ದು, ಆಮೇಲೆ ಬಾಗಿಲು ಮುಚ್ಚಿದ ಹಾಗೆ ಅದು ನಿಂತಿತು.

"ಪಪ್ಪ ಹೇಳಿಸುದಾ ನಿಮ್ಮ ಹತ್ರ?" ಎಂದು ಕೇಳಿದ.

"ಇಲ್ಲ. ತುಂಡು ಇಲ್ಲೇ ಉಂಟು. ಬೇಕಾದ್ರೆ ಫೋಟೋ ಕಳಿಸ್ತೇನೆ."

"ಬೇಡ ಅಣ್ಣ. ನನ್ನನ್ನು ಸಮಾಧಾನ ಮಾಡ್ಲಿಕ್ಕೆ ನೀವು ತಪ್ಪು ನಿಮ್ಮ ಮೇಲೆ ಹಾಕಿಕೊಳ್ಳುದು ಬೇಡ. ನಾನು ಜೋರು ಬಿಟ್ಟಿದ್ದೆ."

"ಮೂವತ್ತೂ ಇರ್ಲಿಲ್ಲ ಅಂತ ನೀವೇ ಹೇಳಿದ್ದಲ್ವಾ?"

"ಆವಾಗ ಹೆದರಿಕೆಗೆ ಹೇಳಿರ್ಬೇಕು. ಇಲ್ಲಿ ಕೂತು ದಿನಾ ಅದನ್ನೇ ಯೋಚನೆ ಮಾಡಿದೆ. ಜೋರಿತ್ತು. ನನಗೆ ಈಗ ಸರಿಯಾಗಿ ನೆನಪುಂಟು, ಅಮ್ಮ ಮೆಲ್ಲ ಹೋಗು ಹೇಳಿದ್ದೂ ನೆನಪುಂಟು. ಹೋದ ತಿಂಗಳು ಚರ್ಚಿನಲ್ಲಿ ಪಾಪನಿವೇದನೆ ಮಾಡಿದೆ, ಜೋರು ಓಡಿಸಿ ಅಮ್ಮನನ್ನು ಕೊಂದೆ ಅಂತ. ಫಾದರ್ ಕ್ಷಮೆ ಕೊಟ್ಟಿದ್ದಾರೆ. ಪಪ್ಪನಿಗೆ ಹೇಳಿ, ನನಗೆ ಸಿಟ್ಟಿಲ್ಲ."

ಅವನು ಮಾಡದ ಪಾಪ ಅದು. ಮಾಡಿದವನು ಇಲ್ಲಿ ಫೋನು ಹಿಡಿದು ನಿಂತಿದ್ದೆ. ಮೂರು ತಿಂಗಳಲ್ಲಿ ಅವನ ಅಪ್ಪನ ಮೌನ ಮತ್ತು ನನ್ನ ಒಂದು ಸುಳ್ಳು ಸೇರಿ ಅವನಿಗೆ ಅದನ್ನು ನೆನಪು ಮಾಡಿಕೊಟ್ಟಿದ್ದವು.

ಸರ್ ಕುರ್ಚಿಯಿಂದ ಎದ್ದು ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡರು. ಕೊಂಕಣಿಯಲ್ಲಿ ಮಗನ ಹೆಸರು ಹಿಡಿದು ಕರೆದರು, ಇಲ್ಲ ಮಗಾ, ಇಲ್ಲ ಎಂದರು. ಆ ಕಡೆಯಿಂದ ಅವನು ಸಮಾಧಾನದ ದನಿಯಲ್ಲಿ, ಚಿಕ್ಕವರಿಗೆ ತಿಳಿಹೇಳುವ ಹಾಗೆ, ಜೋರಿತ್ತು ಪಪ್ಪಾ, ನೀವು ಹೇಳಿದ್ದೇ ಸರಿ ಎನ್ನುತ್ತಿದ್ದ. ಸರ್ ಮತ್ತೆ ಇಲ್ಲ ಎಂದರು. ಅವನು ಮತ್ತೆ ಅದನ್ನೇ ಹೇಳಿದ.